ಕುಡಿತ ಬಿಡಲು ಯಾವ ಸಭೆ? ಎಎ, ಸ್ಮಾರ್ಟ್ ರಿಕವರಿ, ಆನ್‌ಲೈನ್: ನಾನು ಕೂತು ನೋಡಿದ್ದು

ಕುಡಿತ ಬಿಡಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳುವುದೇ ಇದನ್ನ: ಎಲ್ಲಿಗೆ ಹೋಗಲಿ? ಆಲ್ಕೊಹಾಲಿಕ್ಸ್ ಅನಾನಿಮಸ್ (ಎಎ), ಸ್ಮಾರ್ಟ್ ರಿಕವರಿ, ಆನ್‌ಲೈನ್ ಸಭೆ ಮೂರರಲ್ಲೂ ನಾನು ಕೂತಿದ್ದೇನೆ. ಮೂರೂ ಒಳ್ಳೆಯವೇ. ಆದರೆ ಒಂದೊಂದರಿಂದ ಸಿಗುವುದು ಬೇರೆ ಬೇರೆ.

ಅದಕ್ಕೂ ಮೊದಲು ಒಂದು ಮಾತು. ದಿನಾ ಜಾಸ್ತಿ ಕುಡಿಯುವವರು ದಿಢೀರ್ ಅಂತ ನಿಲ್ಲಿಸಬಾರದು. ಕೈ ನಡುಗುತ್ತದೆ, ಬೆವರುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಇದರಿಂದ ಜೀವ ಹೋಗುವುದೂ ಉಂಟು. ಮೊದಲು ಡಾಕ್ಟರ್, ಆಮೇಲೆ ಸಭೆ.

ಎಎ 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾಯಿತು. ಕುಡಿತದಿಂದ ಸೋತಿದ್ದ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಒಬ್ಬರಿಗೊಬ್ಬರು ಆಸರೆಯಾಗಿ ನಿಂತದ್ದೇ ಅದರ ಬುಡ. ಇವತ್ತಿಗೂ ಅಲ್ಲಿ ನಡೆಯುವುದು ಅದೇ. ಸೇರಲು ಬೇಕಾದದ್ದು ಒಂದೇ, ಕುಡಿತ ನಿಲ್ಲಿಸುವ ಆಸೆ. ಫೀಸ್ ಇಲ್ಲ. ಕೊನೆಗೆ ಕಾಣಿಕೆ ಕೇಳುತ್ತಾರೆ, ಕೊಡಲೇಬೇಕೆಂದಿಲ್ಲ. ಹೆಸರು ಪೂರ್ತಿ ಹೇಳಬೇಕಿಲ್ಲ, ಮಾತಾಡಲು ಇಷ್ಟವಿಲ್ಲದಿದ್ದರೆ ಸುಮ್ನೆ ಕೂತಿರಬಹುದು.

ಎಎ ಸಭೆಗಳ ಪಟ್ಟಿಯಲ್ಲಿ ‘ಓಪನ್’, ‘ಕ್ಲೋಸ್ಡ್’ ಅಂತ ಬರೆದಿರುತ್ತಾರೆ. ಓಪನ್ ಸಭೆಗೆ ಮನೆಯವರೂ ಬರಬಹುದು, ತಿಳಿದುಕೊಳ್ಳಲು ಬಂದವರೂ ಕೂರಬಹುದು. ಕ್ಲೋಸ್ಡ್ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ನನಗೆ ಕ್ಲೋಸ್ಡ್ ಸಭೆಯೇ ಹಿಡಿಸಿತು. ಬಾಟಲಿ ಎಲ್ಲೆಲ್ಲಿ ಬಚ್ಚಿಡುತ್ತಿದ್ದೆ ಅಂತ ಒಬ್ಬರು ಹೇಳಿದಾಗ ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಒಬ್ಬರ ಮುಖದಲ್ಲೂ ಅಚ್ಚರಿ ಇರಲಿಲ್ಲ. ಮನೆಯಲ್ಲಿ ಎಷ್ಟೇ ಪ್ರೀತಿಯಿದ್ದರೂ ಇದು ಸಿಗುವುದು ಕಷ್ಟ.

ಅಲ್ಲಿ ಸಾಮಾನ್ಯವಾಗಿ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದಿಲ್ಲ, ಬುದ್ಧಿ ಹೇಳುವುದೂ ಇಲ್ಲ. ಕೆಲವರಿಗೆ ಇದು ಗೋಡೆಗೆ ಮಾತಾಡಿದ ಹಾಗೆ ಅನಿಸಬಹುದು. ನನಗೆ ಅದೇ ಧೈರ್ಯ ಕೊಟ್ಟಿತು. ಇನ್ನು ದೇವರ ವಿಷಯ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಹೆಸರು ಬರುತ್ತದೆ, ‘ನಾವು ಅರ್ಥ ಮಾಡಿಕೊಂಡಂತೆ’ ಅನ್ನುವ ಮಾತಿನ ಜೊತೆಗೇ ಬರುತ್ತದೆ. ಕೆಲವು ಗುಂಪುಗಳಲ್ಲಿ ಅದರ ಭಾರ ಜಾಸ್ತಿ, ಕೆಲವುದರಲ್ಲಿ ಹೆಸರಿಗಷ್ಟೇ. ಪ್ರತಿ ಗುಂಪೂ ತನ್ನ ಪಾಡಿಗೆ ತಾನು ನಡೆಯುತ್ತದೆ. ಹಾಗಾಗಿ ಒಂದು ಗುಂಪು ನೋಡಿ ಎಎ ನನಗಲ್ಲ ಅಂತ ಬಿಟ್ಟುಬಿಡಬೇಡಿ. ಇನ್ನೊಂದೆರಡು ಕಡೆ ಕೂತು ನೋಡಿ.

ಸ್ಮಾರ್ಟ್ ರಿಕವರಿ 1994ರಿಂದ ನಡೆಯುತ್ತಿದೆ. ಇಲ್ಲಿ ದೇವರ ಮಾತಿಲ್ಲ, ‘ನಾನು ಕುಡುಕ’ ಅಂತ ಹೇಳಿಕೊಳ್ಳುವ ಪದ್ಧತಿಯೂ ಇಲ್ಲ. ತರಬೇತಿ ಪಡೆದ ಒಬ್ಬರು ಸಭೆ ನಡೆಸುತ್ತಾರೆ. ಪರಸ್ಪರ ಪ್ರಶ್ನೆ ಕೇಳಬಹುದು, ಚರ್ಚೆ ಮಾಡಬಹುದು. ಮನಸ್ಸಿನ ಯೋಚನೆಯನ್ನು ಹಿಡಿದು ನೋಡಿ ಬದಲಿಸುವ ಸಿಬಿಟಿ ಚಿಕಿತ್ಸೆಯ ವಿಧಾನಗಳನ್ನು ಹೇಳಿಕೊಡುತ್ತಾರೆ. ಅಲ್ಲಿ ಮಾಡಿಸುವ ಒಂದು ಹಾಳೆ ನನಗೆ ಬಹಳ ಉಪಯೋಗಕ್ಕೆ ಬಂತು. ನಾಲ್ಕು ಚೌಕ: ಕುಡಿದರೆ ಲಾಭ, ಕುಡಿದರೆ ನಷ್ಟ, ಬಿಟ್ಟರೆ ಲಾಭ, ಬಿಟ್ಟರೆ ನಷ್ಟ. ಕುಡಿತದಿಂದ ಲಾಭ ಏನು ಅಂತ ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ‘ನಿದ್ದೆ ಬರುತ್ತದೆ’, ‘ಜನರ ಮುಂದೆ ಸಂಕೋಚ ಹೋಗುತ್ತದೆ’ ಅಂತ ಬರೆದೆ. ಪಕ್ಕದ ಚೌಕದಲ್ಲಿ ‘ನಡುರಾತ್ರಿ ಎಚ್ಚರವಾಗುತ್ತದೆ’ ಅಂತ ಬರೆಯುವಾಗ ಎರಡೂ ಎದುರೆದುರು ನಿಂತವು. ನಾನು ಕುಡಿಯುತ್ತಿದ್ದದ್ದು ಯಾವುದಕ್ಕೆ, ಅದಕ್ಕೆ ಬೇರೆ ದಾರಿ ಏನು ಅನ್ನುವುದು ಆಗ ಕಾಣತೊಡಗಿತು.

ಆದರೆ ಸ್ಮಾರ್ಟ್‌ನಲ್ಲಿ ಸ್ಪಾನ್ಸರ್ ಅನ್ನುವ ವ್ಯವಸ್ಥೆ ಇಲ್ಲ. ಸಭೆಗಳೂ ಎಎ ಅಷ್ಟು ಸಿಗುವುದಿಲ್ಲ. ಇಲ್ಲೇ ನನಗೆ ಎಎ ಮೇಲು. ಸ್ಪಾನ್ಸರ್ ಅಂದರೆ ಕುಡಿತ ಬಿಟ್ಟು ಒಂದಷ್ಟು ಕಾಲವಾದ, ನಮ್ಮ ಕೈ ಹಿಡಿದು ಮೆಟ್ಟಿಲು ಹತ್ತಿಸುವ ಹಳಬರು. ಚಪಲ ಏಳುವುದು ಸಭೆಯ ಹೊತ್ತಿಗಲ್ಲ, ಒಬ್ಬರೇ ಇರುವ ಹೊತ್ತಿಗೆ. ಆಗ ಹಾಳೆ ತೆಗೆಯುವ ತಾಳ್ಮೆ ಇರುವುದಿಲ್ಲ. ಫೋನಿನಲ್ಲಿ ‘ಊಟ ಮಾಡಿದ್ರಾ? ಈಗ ಎಲ್ಲಿದ್ದೀರಿ? ಅಲ್ಲಿಂದ ಮೊದಲು ಹೊರಗೆ ಬನ್ನಿ’ ಅನ್ನುವ ದನಿ ಬೇಕಾಗುತ್ತದೆ.

ಆನ್‌ಲೈನ್ ಸಭೆ ಎರಡೂ ಕಡೆ ಇವೆ. ಹತ್ತಿರ ಸಭೆ ಇಲ್ಲದವರಿಗೆ, ಮಕ್ಕಳನ್ನು ಬಿಟ್ಟು ಬರಲಾಗದವರಿಗೆ, ಯಾರಾದರೂ ನೋಡಿಬಿಟ್ಟರೆ ಅನ್ನುವ ಭಯ ಇರುವವರಿಗೆ ಒಳ್ಳೆಯ ಬಾಗಿಲು. ಸರಿರಾತ್ರಿಯಲ್ಲೂ ಎಲ್ಲೋ ಒಂದು ಸಭೆ ನಡೆಯುತ್ತಿರುತ್ತದೆ. ಆದರೆ ಸಭೆ ಮುಗಿದ ತಕ್ಷಣ ಪರದೆ ಖಾಲಿ. ಕುರ್ಚಿ ಮಡಿಸುತ್ತಾ ಪಕ್ಕದವರು ‘ಮುಂದಿನ ವಾರ ಬರ್ತೀರಲ್ವಾ?’ ಅಂತ ಕೇಳುವುದು ಅಲ್ಲಿಲ್ಲ. ಅದೊಂದನ್ನೇ ನೆಚ್ಚಿಕೊಳ್ಳುವುದು ನನಗೆ ಸಾಲದು.

2020ರಲ್ಲಿ, ಚಿಕಿತ್ಸೆಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದ್ದರು. ಕುಡಿತದಿಂದ ಪೂರ್ತಿ ದೂರ ಉಳಿಯುವ ವಿಷಯದಲ್ಲಿ, ಕ್ರಮಬದ್ಧವಾಗಿ ಎಎಗೆ ಸೇರಿಸುವ ಚಿಕಿತ್ಸೆ ಸಿಬಿಟಿಯಂಥ ಚಿಕಿತ್ಸೆಗಳಿಗಿಂತ ಒಂದು ಕೈ ಮುಂದೆ ಕಂಡಿತು. ನನ್ನ ಅನುಭವವೂ ಆ ಕಡೆಗೇ ವಾಲುತ್ತದೆ. ಆದರೂ ದೇವರ ಮಾತು ಕೇಳಿದರೆ ಎದ್ದು ಹೋಗುವವರು ಸ್ಮಾರ್ಟ್‌ನಿಂದಲೇ ಶುರು ಮಾಡಲಿ. ಕುಡಿಯುವವರ ಮನೆಮಂದಿಗೆ 1951ರಿಂದಲೂ ಅಲ್-ಅನಾನ್ ಅನ್ನುವ ಬೇರೆ ಸಭೆಗಳಿವೆ, ಅವರ ಸಂಕಟಕ್ಕೂ ಜಾಗ ಬೇಕಲ್ವಾ?

ನಾನು ಈಗ ಎಎಯ ಒಂದು ಕ್ಲೋಸ್ಡ್ ಗುಂಪಿಗೆ ತಪ್ಪದೆ ಹೋಗುತ್ತೇನೆ, ಸ್ಮಾರ್ಟ್‌ನ ಹಾಳೆಗಳನ್ನು ಮನೆಯಲ್ಲಿ ತುಂಬುತ್ತೇನೆ. ಹೊಸದಾಗಿ ಹೋಗುವವರು ಜಾಗ, ಸಮಯ ಈಗಲೂ ಅದೇನಾ ಅಂತ ಮೊದಲೇ ವಿಚಾರಿಸಿ. ಸಭೆ ಮುಗಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಇದ್ದು ಒಂದೆರಡು ನಂಬರ್ ಕೇಳಿ ತೆಗೆದುಕೊಳ್ಳಿ. ಚೆನ್ನಾಗಿರುವ ದಿನವೇ ಒಮ್ಮೆ ಫೋನ್ ಮಾಡಿ ಮಾತಾಡಿ, ಕಷ್ಟದ ದಿನ ಕೈ ಹಿಂಜರಿಯುವುದಿಲ್ಲ.