ಬಿಳಿ ಬುಟ್ಟಿ, ಕಪ್ಪು ಬುಟ್ಟಿ: ಒಂದು ಆನ್‌ಲೈನ್ ಅಧ್ಯಾತ್ಮ ಕೋರ್ಸ್ ಮುಗಿಸಿದ ಮೇಲೆ

ಐದಕ್ಕೆ ಮೂರು ಸ್ಟಾರ್. ಐದನೇ ಪಾಠ ಇಲ್ಲದಿದ್ದರೆ ಎರಡೇ ಕೊಡುತ್ತಿದ್ದೆ.

ಕೋರ್ಸಿನ ಹೆಸರು, ಗುರುಗಳ ಹೆಸರು ಬೇಡ. ಇಂಥವು ಈಗ ಒಂದೇ ಅಚ್ಚಿನಲ್ಲಿ ಹತ್ತಾರು ಬರುತ್ತಿವೆ, ಒಬ್ಬರನ್ನೇ ಹಿಡಿದು ಬೈದು ಏನು ಪ್ರಯೋಜನ. ಎಂಟು ರೆಕಾರ್ಡೆಡ್ ಪಾಠ, ಪ್ರತಿ ಪಾಠದ ಕೊನೆಗೊಂದು ಕ್ವಿಜ್, ಭಾನುವಾರ ಲೈವ್ ಪ್ರಶ್ನೋತ್ತರ. ವಿಷಯ ಒಳಿತು ಮತ್ತು ಕೆಡುಕಿನ ಯುದ್ಧ. ಇವೆರಡೂ ನಿಜವಾಗಿ ಎದುರಾಬದುರು ನಿಂತ ಎರಡು ಶಕ್ತಿಗಳಾ, ಇಲ್ಲಾ ನಾವೇ ಹಾಗೆ ಗೆರೆ ಎಳೆದುಕೊಂಡಿದ್ದೇವಾ ಅನ್ನೋದು ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿತ್ತು. ಅದಕ್ಕೇ ಸೇರಿದೆ.

ಶುರುವಿನಲ್ಲೇ ಲೋಗೋ ನೋಡಿ ಮನಸ್ಸು ಕೆಟ್ಟಿತು. ಚೀನಾದ ಯಿನ್-ಯಾಂಗ್ ಚಿಹ್ನೆ ಹಾಕಿ, ಕಪ್ಪು ಭಾಗದ ಮೇಲೆ ಕೆಡುಕು, ಬಿಳಿ ಭಾಗದ ಮೇಲೆ ಒಳಿತು ಅಂತ ಬರೆದಿದ್ದಾರೆ. ಯಿನ್ ಅಂದರೆ ಮೂಲದಲ್ಲಿ ಬೆಟ್ಟದ ನೆರಳು ಬಿದ್ದ ಮಗ್ಗುಲು, ಯಾಂಗ್ ಅಂದರೆ ಬಿಸಿಲು ಬಿದ್ದ ಮಗ್ಗುಲು. ಬೆಳಿಗ್ಗೆ ನೆರಳಿದ್ದ ಕಡೆ ಸಂಜೆ ಬಿಸಿಲು ಬರಬಹುದು. ಬೆಟ್ಟ ಅದೇ. ಇದರಲ್ಲಿ ಪಾಪ ಪುಣ್ಯ ಎಲ್ಲಿಂದ ಬಂತು?

ಮೊದಲ ಮೂರು ಪಾಠ ಪರವಾಗಿಲ್ಲ. ಎರಡು ಶಕ್ತಿಗಳ ಮಾತು ನಿಜಕ್ಕೂ ಗಟ್ಟಿಯಾಗಿರುವ ಕಡೆಯಿಂದಲೇ ಶುರು ಮಾಡುತ್ತಾರೆ: ಪಾರ್ಸಿ ಧರ್ಮದ ಪ್ರವಾದಿ, ಪ್ರಾಚೀನ ಇರಾನಿನ ಜರತುಷ್ಟ್ರನ ಪರಂಪರೆ, ಒಳಿತಿನ ದೇವರು ಅಹುರ ಮಜ್ದಾ ಒಂದು ಕಡೆ, ಕೆಡುಕಿನ ಶಕ್ತಿ ಅಂಗ್ರ ಮೈನ್ಯು ಇನ್ನೊಂದು ಕಡೆ. ಆಮೇಲೆ ಕ್ರಿ.ಶ. 216ರಲ್ಲಿ ಹುಟ್ಟಿ, ತನ್ನದೇ ಒಂದು ಪಂಥ ಕಟ್ಟಿದ ಮಾನಿ. ಬೆಳಕು, ಕತ್ತಲೆ ಎರಡೂ ಮೊದಲಿನಿಂದಲೇ ಬೇರೆ ಬೇರೆ, ಈ ಲೋಕದಲ್ಲಿ ಅವು ಬೆರೆತುಹೋಗಿವೆ ಅಂತ ಅವನು ಹೇಳಿದ. ಇಲ್ಲಿಯವರೆಗೆ ಚೆನ್ನಾಗಿದೆ. ಆದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಕ್ರೈಸ್ತ ಚಿಂತಕ ಅಗಸ್ಟೀನ್ (354–430) ಮಾನಿಯ ಪಂಥದಲ್ಲಿ ಸುಮಾರು ಒಂಬತ್ತು ವರ್ಷ ಇದ್ದು, ಬೇಸತ್ತು ಹೊರಬಂದು, ಕೆಡುಕಿಗೆ ತನ್ನದೇ ಅಂತ ಇರವೇ ಇಲ್ಲ, ಅದು ಒಳಿತಿನ ಕೊರತೆ ಅಷ್ಟೇ ಅಂದುಬಿಟ್ಟರು. ಕುರುಡು ಅನ್ನೋದು ಕಣ್ಣಿನೊಳಗೆ ಬಂದು ಕೂತ ವಸ್ತು ಅಲ್ಲವಲ್ಲ, ನೋಟ ಇಲ್ಲದಿರೋದು, ಹಾಗೆ. ಕೋರ್ಸು ಅಗಸ್ಟೀನರ ಫೋಟೋ ತೋರಿಸಿ ಇವರೂ ಈ ಯುದ್ಧದ ಯೋಧರೇ ಅಂತ ಮುಂದೆ ಹೋಯಿತು! ಬೈಬಲಿನ ಯೋಬನ ಕಥೆಯಲ್ಲಿ ಸೈತಾನ ದೇವರ ಸಭೆಗೇ ಬಂದು ಅಪ್ಪಣೆ ಕೇಳಿ ಹೋಗುತ್ತಾನೆ, ಅಲ್ಲಿ ಆ ಹೆಸರಿಗೆ ದೂರು ಹೇಳುವವನು ಅಂತ ಅರ್ಥ. ಎದುರಾಳಿ ರಾಜನಲ್ಲ, ಆಸ್ಥಾನದವನೇ. ಅದರ ಸುದ್ದಿಯೇ ಇಲ್ಲ.

ನಾಲ್ಕನೇ ಪಾಠ ದೇವಾಸುರರದು. ಬರೀ ಗ್ರಾಫಿಕ್ಸು. ಬಿಟ್ಟರೂ ನಷ್ಟ ಇಲ್ಲ.

ಐದನೆಯದಕ್ಕೆ ಬೇರೆ ಯಾರೋ ಮೇಡಂ ಬರುತ್ತಾರೆ. ಹಿನ್ನೆಲೆ ಸಂಗೀತ ಇಲ್ಲ, ಒಂದು ನೋಟ್‌ಬುಕ್ ಇಟ್ಟುಕೊಂಡು ಮೆಲ್ಲಗೆ ಮಾತಾಡುತ್ತಾರೆ. ಋಗ್ವೇದದಲ್ಲಿ ವರುಣನನ್ನೇ ಅಸುರ ಅಂತ ಕರೆದಿದ್ದಾರೆ, ಗೌರವದಿಂದ. ಅದೇ ಪದ ಇರಾನಿನ ಕಡೆ ಸಕಾರ ಹಕಾರವಾಗಿ ಅಹುರ ಆಯಿತು, ಸಿಂಧು ಹಿಂದು ಆದ ಹಾಗೆ. ಅಲ್ಲಿ ಅಹುರ ಒಳ್ಳೆಯವನು, ದೇವ ಕೆಟ್ಟವನು. ಇಲ್ಲಿ ಕಾಲ ಕಳೆದಂತೆ ದೇವ ಒಳ್ಳೆಯವನು, ಅಸುರ ಕೆಟ್ಟವನು. ಒಂದೇ ಮನೆಯ ಮಾತು, ಎರಡು ಕಡೆ ಉಲ್ಟಾ. ಪುರಾಣಗಳಲ್ಲೂ ದೇವತೆಗಳಾದ ಆದಿತ್ಯರು, ಅಸುರರಾದ ದೈತ್ಯರು ಇಬ್ಬರಿಗೂ ತಂದೆ ಕಶ್ಯಪನೇ, ತಾಯಂದಿರು ಮಾತ್ರ ಬೇರೆ ಅಂತ ಅವರು ಹೇಳಿದಾಗ ನಾನು ವಿಡಿಯೋ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಗೊತ್ತಿದ್ದ ವಿಷಯವೇ, ಆದರೆ ಹೀಗೆ ಜೋಡಿಸಿ ನೋಡಿರಲಿಲ್ಲ.

ಆಮೇಲೆ ಬೌದ್ಧರ ಕುಶಲ, ಅಕುಶಲದ ಮಾತು, ಅಂದರೆ ಒಳ್ಳೆಯ ಕೆಲಸ, ಕೆಟ್ಟ ಕೆಲಸ. ಅಲ್ಲಿ ಲೆಕ್ಕಕ್ಕೆ ಬರೋದು ಕೆಲಸದ ಹಿಂದಿನ ಮನಸ್ಸು. ಲೋಭ, ದ್ವೇಷ, ಮೋಹ ಈ ಮೂರು ಬೇರುಗಳಲ್ಲಿ ಯಾವುದರಿಂದ ಹುಟ್ಟಿದರೂ ಅದು ಅಕುಶಲ.

ಇದಾದ ತಕ್ಷಣ ಕ್ವಿಜ್ ಬಂತು ನೋಡಿ. ಪರದೆಯ ಮೇಲೆ ಎರಡು ಬುಟ್ಟಿ, ಒಂದು ಬಿಳಿ, ಒಂದು ಕಪ್ಪು. ಮೇಲಿಂದ ಪದಗಳು ಬೀಳುತ್ತವೆ, ಬೆರಳಲ್ಲಿ ಎಳೆದು ಹಾಕಬೇಕು. ಕೋಪ, ಆಸೆ, ದಾನ, ಮೌನ. "ನಿಜ ಹೇಳುವುದು" ಅಂತ ಬಿದ್ದಾಗ ನನ್ನ ಬೆರಳು ನಿಂತಿತು. ಕಳೆದ ವರ್ಷ ತಂಗಿಯ ಜೊತೆ ಜಗಳದಲ್ಲಿ ನಾನು ಅವಳಿಗೆ ಒಂದು ನಿಜ ಹೇಳಿದ್ದೆ. ಒಂದಕ್ಷರ ಸುಳ್ಳಿರಲಿಲ್ಲ. ಎಲ್ಲಿ ಚುಚ್ಚಿದರೆ ಜಾಸ್ತಿ ನೋಯುತ್ತದೆ ಅಂತ ಗೊತ್ತಿದ್ದೇ, ಆರಿಸಿ ಹೇಳಿದ್ದು. ಅವಳು ಏನೂ ಅನ್ನದೆ ಚಪ್ಪಲಿ ಹಾಕಿಕೊಂಡು ಹೋದಳು. ಅದನ್ನು ನೆನೆದು ಕಪ್ಪು ಬುಟ್ಟಿಗೆ ಹಾಕಿದೆ. ಕೆಂಪು ದೀಪ, ಬುಸ್ ಅಂತ ಸದ್ದು, "ತಪ್ಪು! ಮತ್ತೆ ಪ್ರಯತ್ನಿಸಿ." ಪಾಠ ಮಾಡಿದವರ ಮಾತು ಕ್ವಿಜ್ ಮಾಡಿದವರು ಕೇಳಿಸಿಕೊಂಡೇ ಇಲ್ಲ ಅನ್ನಿಸಿತು.

ಆರನೇ ಪಾಠಕ್ಕೆ ಬಂದರೆ ಗುರುಗಳು ಪೂರ್ತಿ ಆ ಕಡೆಗೆ ವಾಲುತ್ತಾರೆ: ಒಳಿತೂ ಇಲ್ಲ, ಕೆಡುಕೂ ಇಲ್ಲ, ಎಲ್ಲಾ ಮಾಯೆ. ಇದನ್ನೂ ನಾನು ಒಪ್ಪಲ್ಲ. ದಿನಾ ಏಟು ತಿನ್ನುವವರ ಮುಂದೆ ನಿಂತು ಇದು ಮಾಯೆ ಅನ್ನಲು ಬಾಯಿ ಹೇಗೆ ಬರುತ್ತದೆ? ಅದ್ವೈತದವರೂ ದಿನನಿತ್ಯದ ಬದುಕಿನ ವ್ಯವಹಾರದ ಮಟ್ಟ ಬೇರೆ, ಕೊನೆಯ ಸತ್ಯವಾದ ಪರಮಾರ್ಥದ ಮಟ್ಟ ಬೇರೆ ಅಂತ ಎರಡು ಇಟ್ಟುಕೊಂಡೇ ಮಾತಾಡುತ್ತಾರೆ, ಹೊಡೆದವನು ವ್ಯವಹಾರದಲ್ಲಿ ತಪ್ಪಿತಸ್ಥನೇ. ಅಗಸ್ಟೀನರ "ಕೊರತೆ"ಯ ಮಾತೂ ನೋವಲ್ಲಿರುವವರಿಗೆ ಸಮಾಧಾನ ಕೊಡುತ್ತದೆ ಅಂತ ನನಗೆ ಅನ್ನಿಸಲ್ಲ, ಹಸಿವೂ ಒಂದು ಕೊರತೆಯೇ ತಾನೇ, ಹೊಟ್ಟೆ ಉರಿಯೋದು ನಿಲ್ಲುತ್ತಾ? ಎರಡು ಸಮಬಲದ ಶಕ್ತಿಗಳು ಇಲ್ಲ ಅನ್ನೋದನ್ನು ನಾನು ನಂಬುತ್ತೇನೆ. ಕ್ರೌರ್ಯ ಇಲ್ಲ ಅನ್ನೋದನ್ನು ನಂಬಲ್ಲ.

ಇದನ್ನೇ ಭಾನುವಾರದ ಲೈವ್‌ನಲ್ಲಿ ಕೇಳಿದೆ. ಗುರುಗಳು ನಕ್ಕು, ಸಂಶಯವೇ ಕೆಡುಕಿನ ಮೊದಲ ಮೆಟ್ಟಿಲು ಅಂದರು. ಮುಂದಿನ ಪ್ರಶ್ನೆಗೆ ಹೋದರು. ಏಳು, ಎಂಟನೇ ಪಾಠ ಧ್ಯಾನ, ನಿದ್ದೆ ಚೆನ್ನಾಗಿ ಬರುತ್ತದೆ.

ಆಡಿಯೋ ಸ್ಪಷ್ಟವಾಗಿದೆ, ಆ್ಯಪ್ ಎರಡು ಸಲ ಮಾತ್ರ ನಿಂತುಹೋಯಿತು. ಐದನೇ ಪಾಠ ಬಿಡಿಯಾಗಿ ಸಿಗುತ್ತದಾ ಅಂತ ಹೆಲ್ಪ್‌ಲೈನಿಗೆ ಕೇಳಿದೆ, ತಂಗಿಗೆ ಕಳಿಸೋಣ ಅಂತ. ಇಲ್ಲವಂತೆ, ಇಡೀ ಕೋರ್ಸೇ ತಗೋಬೇಕಂತೆ.