‘ಇಂಬೈಬ್’ ಎಂಬ ಕ್ರಿಯಾಪದ ಮತ್ತು ಒಂದು ನಿಘಂಟು ಆ್ಯಪ್

ಆರು ತಿಂಗಳಿನಿಂದ ಬಳಸುತ್ತಿರುವ ಇಂಗ್ಲಿಷ್–ಕನ್ನಡ ನಿಘಂಟು ಆ್ಯಪ್ ಒಂದನ್ನು ಅದರ ಒಂದೇ ನಮೂದಿನ ಮೂಲಕ ಇಲ್ಲಿ ಪರಿಶೀಲಿಸಿದ್ದೇನೆ. ನಿತ್ಯಬಳಕೆಯ ಪದಗಳಿಗೆ ಯಾವ ನಿಘಂಟಾದರೂ ಅರ್ಥ ಕೊಟ್ಟೀತು; ಅದರ ಯೋಗ್ಯತೆ ತಿಳಿಯುವುದು ಅಪರೂಪದ ಪದಗಳಲ್ಲಿ. ನಾನು ಹುಡುಕಿದ್ದು ‘ಇಂಬೈಬ್’ ಎಂಬ ಕ್ರಿಯಾಪದವನ್ನು.

ಪರದೆಯ ಮೇಲೆ ಬಂದದ್ದು ‘ಕುಡಿ, ಪಾನಮಾಡು’ ಎಂಬ ಎರಡೇ ಅರ್ಥಗಳು. ಅವು ತಪ್ಪೇನಲ್ಲ. ಕುಡಿಯುವುದು ಎಂಬರ್ಥದ ಲ್ಯಾಟಿನ್ನಿನ ‘ಬಿಬೆರೆ’ ಇದರ ಮೂಲ. ಸಂಸ್ಕೃತದಿಂದ ನಮಗೆ ಬಂದ ‘ಪಾನ’, ‘ಪೇಯ’, ‘ಪಿಪಾಸೆ’ಗಳೂ ಅದೇ ಪ್ರಾಚೀನ ಧಾತುವಿನ ಬಳಗದವು. ಆದರೆ ಇಷ್ಟನ್ನೇ ನಂಬಿದ ವಿದ್ಯಾರ್ಥಿ, ಬೆಳಿಗ್ಗೆ ಹಾಲು ಕುಡಿದೆ ಎನ್ನುವುದಕ್ಕೆ ಈ ಪದ ಬಳಸಿದರೆ, ವ್ಯಾಕರಣ ಸರಿಯಿದ್ದರೂ ಮನೆಮಾತಿನ ನಡುವೆ ಗ್ರಾಂಥಿಕ ಪದ ತುರುಕಿದಂತಾಗುತ್ತದೆ. ಕರ್ಮಪದವಿಲ್ಲದೆ ಬಳಸಿದಾಗಲಂತೂ ಅರ್ಥವೇ ಬೇರೆಯಾಗುತ್ತದೆ: ಒಬ್ಬರು ‘ಇಂಬೈಬ್ ಮಾಡುವುದಿಲ್ಲ’ ಎಂದಷ್ಟೇ ಹೇಳಿದರೆ, ಅವರು ಮದ್ಯ ಮುಟ್ಟುವುದಿಲ್ಲ ಎಂದು ಇಂಗ್ಲಿಷ್ ಓದುಗರು ತಿಳಿಯುತ್ತಾರೆ. ಕನ್ನಡದಲ್ಲಿಯೂ ‘ಅವನು ಕುಡಿಯುತ್ತಾನೆ’ ಎಂದರೆ ಏನು ಕುಡಿಯುತ್ತಾನೆಂದು ಯಾರೂ ಕೇಳುವುದಿಲ್ಲವಷ್ಟೆ; ಈ ಹೋಲಿಕೆಯನ್ನು ಒಂದೇ ಸಾಲಿನಲ್ಲಿ ತಿಳಿಸಬಹುದಾಗಿತ್ತು.

ನನಗೆ ಹೆಚ್ಚು ಬೇಸರ ತಂದದ್ದು ‘ಹೀರು’ ಎಂಬ ಪದ ಬಿಟ್ಟುಹೋಗಿರುವುದು. ಒಣಬೀಜವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿದರೆ ಬೆಳಗಾಗುವಷ್ಟರಲ್ಲಿ ಅದರ ಸುಕ್ಕು ಬಿಡಿಸಿಕೊಂಡು, ಸಿಪ್ಪೆ ಬಿಗಿದು, ಒಂದೆರಡು ಕಡೆ ಬಿರಿದು, ಕಾಳು ದಪ್ಪಗಾಗಿರುತ್ತದೆ. ಸಸ್ಯವಿಜ್ಞಾನ ಈ ಹೀರಿಕೆಗೆ ಇದೇ ಪದದಿಂದ ಹುಟ್ಟಿದ ‘ಇಂಬಿಬಿಷನ್’ ಎಂಬ ಹೆಸರು ಕೊಟ್ಟಿದೆ. ಜೀವ ಕಳೆದುಕೊಂಡ ಬೀಜವೂ ಹೀಗೆ ನೀರು ಹೀರಬಲ್ಲದು. ಬಾಯಿ, ಗಂಟಲು, ದಾಹ ಯಾವುದೂ ಇಲ್ಲದ ಈ ಕ್ರಿಯೆಗೆ ‘ಕುಡಿ’ ಎಂಬ ಅರ್ಥ ಹೇಗೆ ಹೊಂದೀತು? ಮಗುವೊಂದು ಮನೆಯವರ ನಡೆನುಡಿಯನ್ನು ಇಂಬೈಬ್ ಮಾಡುತ್ತದೆ ಎಂಬಲ್ಲಿಯೂ ‘ಮೈಗೂಡಿಸಿಕೊಳ್ಳುತ್ತದೆ’ ಎಂಬುದೇ ತಕ್ಕ ಕನ್ನಡ. ಯಾರೂ ಕೂರಿಸಿ ಕಲಿಸದಿದ್ದರೂ ದಿನದಿನವೂ ಒಳಗಿಳಿಯುವ ಕಲಿಕೆಯ ಭಾವ ಆ ಪದದಲ್ಲಿದೆ, ಬರಿಯ ‘ಕಲಿ’ ಎಂಬುದರಲ್ಲಿ ಇಲ್ಲ.

ಉಚ್ಚಾರಣೆಯ ಧ್ವನಿ ಸ್ಪಷ್ಟವಾಗಿದೆ, ಒತ್ತು ‘ಬೈಬ್’ ಮೇಲೆ ಸರಿಯಾಗಿ ಬಿದ್ದಿದೆ. ಇಂಟರ್ನೆಟ್ ಇಲ್ಲದಿದ್ದರೂ ಆ್ಯಪ್ ತೆರೆದುಕೊಳ್ಳುತ್ತದೆ. ಸಲಹೆ ಕಳುಹಿಸುವ ಪುಟದಲ್ಲಿ ‘ಹೀರು’, ‘ಮೈಗೂಡಿಸಿಕೊಳ್ಳು’ ಎಂಬೆರಡನ್ನೂ ಉದಾಹರಣೆಗಳೊಂದಿಗೆ ಬರೆದು ಕಳುಹಿಸಿದ್ದೇನೆ. ಅವು ಸೇರುವವರೆಗೆ, ಓದುವಾಗ ಅರ್ಥ ನೋಡಲು ಈ ಆ್ಯಪ್ ಸಾಕು. ಬರೆಯುವಾಗ ಮಾತ್ರ ಬಳಕೆಯ ವಾಕ್ಯಗಳಿರುವ ಅಚ್ಚಿನ ನಿಘಂಟನ್ನೇ ತೆರೆಯುತ್ತೇನೆ.