ಹೈಸ್ಕೂಲ್ ಜೀವಶಾಸ್ತ್ರದ ಕಿಟ್: ಮೈಕ್ರೋಸ್ಕೋಪ್ ಇರಲಿ, ಕಾರ್ಡ್ ಬೇಡ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯೊಳಗಿನ ಸಾಮಾನು ಚೆನ್ನಾಗಿದೆ. ಜೊತೆಗೆ ಬರುವ ಚಟುವಟಿಕೆ ಕಾರ್ಡ್‌ಗಳನ್ನು ಮಾತ್ರ ಮಕ್ಕಳ ಕೈಗೆ ಕೊಡಬೇಡಿ. ಐದಕ್ಕೆ ಮೂರು ಸ್ಟಾರ್.

ನಾನು ತೀರ್ಥಹಳ್ಳಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹಳೆ ವಿದ್ಯಾರ್ಥಿಗಳು ದುಡ್ಡು ಒಟ್ಟುಮಾಡಿ ಈ ಕಿಟ್ ತರಿಸಿಕೊಟ್ಟರು. ಕಂಪನಿಯ ಹೆಸರು ಇಲ್ಲಿ ಹಾಕುವುದಿಲ್ಲ. 'ಇನ್‌ಕ್ವೈರಿ ಬೇಸ್ಡ್' (ಮಕ್ಕಳೇ ಪ್ರಶ್ನೆ ಕೇಳಿ, ಹುಡುಕಿ ಕಲಿಯುವ ಅನ್ವೇಷಣೆಯ ವಿಧಾನ) ಅಂತ ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಬರೆದು ಮಾರುವ ಪೆಟ್ಟಿಗೆಗಳು ಈಗ ಒಂದೆರಡಲ್ಲ, ಯಾವುದನ್ನು ಕೊಳ್ಳುವಾಗಲೂ ನೋಡಬೇಕಾದ್ದು ಹೆಚ್ಚುಕಡಿಮೆ ಇದೇ.

ಒಳಗೆ ಇರುವುದು: ಒಂದು ಕಾಂಪೌಂಡ್ ಮೈಕ್ರೋಸ್ಕೋಪ್, ಸ್ಲೈಡ್, ಕವರ್ ಸ್ಲಿಪ್, ಕೋಶಕ್ಕೆ ಹಾಕುವ ಸಫ್ರಾನಿನ್ ಬಣ್ಣ, ಅಯೋಡಿನ್, ಪೆಟ್ರಿ ಡಿಶ್, ಸ್ಪಿರಿಟ್ ಲ್ಯಾಂಪ್, ಸ್ಟಾಪ್‌ವಾಚ್, ಕಾರ್ಡ್‌ಗಳ ಕಟ್ಟು, ಶಿಕ್ಷಕರ ಕೈಪಿಡಿ.

ಮೈಕ್ರೋಸ್ಕೋಪ್ ನಿಜಕ್ಕೂ ಒಳ್ಳೆಯದು. ಐಪೀಸ್ 10 ಪಟ್ಟು, ಆಬ್ಜೆಕ್ಟಿವ್ 10 ಮತ್ತು 40, ಅಂದರೆ 100 ಪಟ್ಟು ಮತ್ತು 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಈರುಳ್ಳಿ ಪೊರೆ, ಕೆನ್ನೆಯ ಒಳಗಿನ ಕೋಶ, ಎಲೆಯ ಪತ್ರರಂಧ್ರ, ಇಷ್ಟಕ್ಕೆ ಇದು ಧಾರಾಳ. ಬ್ಯಾಟರಿಯ ಎಲ್‌ಇಡಿ ಇರುವುದು ನಮ್ಮ ಕಡೆಗೆ ದೊಡ್ಡ ಅನುಕೂಲ, ಯಾಕೆಂದರೆ ಆಷಾಢದಲ್ಲಿ ಹಗಲು ಹನ್ನೆರಡಕ್ಕೂ ಕತ್ತಲೆ, ಕರೆಂಟ್ ಬಂದರೆ ಬಂತು, ಕನ್ನಡಿ ಇಟ್ಟುಕೊಂಡು ಬೆಳಕು ಹುಡುಕುತ್ತಾ ಕೂತರೆ ಪೀರಿಯಡ್ ಮುಗಿದೇ ಹೋಗುತ್ತದೆ. ಕಡಿಮೆ ದುಡ್ಡಿನವರು ಫೋಲ್ಡ್‌ಸ್ಕೋಪ್ ನೋಡಬಹುದು. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಅವರ ತಂಡ ಮಾಡಿದ, ಮಡಚಿ ಜೋಡಿಸುವ ಕಾಗದದ ಮೈಕ್ರೋಸ್ಕೋಪ್ ಅದು. ಸುಮಾರು 140 ಪಟ್ಟು ತೋರಿಸುತ್ತದೆ, ಮೊಬೈಲಿಗೂ ಅಂಟಿಸಬಹುದು. ಒಬ್ಬೊಬ್ಬರ ಕೈಗೂ ಒಂದೊಂದು ಕೊಡುವುದಾದರೆ ನಾನು ಅದನ್ನೇ ಆರಿಸುತ್ತೇನೆ. ನಲವತ್ತು ಮಕ್ಕಳು ಒಂದೇ ಮೈಕ್ರೋಸ್ಕೋಪ್ ಮುಂದೆ ಸಾಲು ನಿಂತರೆ ಅದು ದೇವರ ದರ್ಶನ, ಪ್ರಯೋಗ ಅಲ್ಲ.

ಈಗ ಕಾರ್ಡ್‌ಗಳ ವಿಷಯ. ಮುಂಬದಿಯಲ್ಲಿ ಪ್ರಶ್ನೆ: 'ಈರುಳ್ಳಿ ಪೊರೆಯಲ್ಲಿ ನಿಮಗೆ ಏನು ಕಾಣುತ್ತದೆ?' ಹಿಂಬದಿಯಲ್ಲಿ ಬಣ್ಣದ ಚಿತ್ರ. ಕೋಶಭಿತ್ತಿ, ಕೋಶಕೇಂದ್ರ, ರಸದಾನಿ, ಎಲ್ಲಕ್ಕೂ ಬಾಣದ ಗುರುತು. ಮಕ್ಕಳು ದಡ್ಡರೇ? ಕಾರ್ಡ್ ತಿರುಗಿಸಿ ನೋಡುತ್ತಾರೆ, ಅದನ್ನೇ ಬರೆಯುತ್ತಾರೆ. ಬಣ್ಣ ಹಾಕದ ಸ್ಲೈಡಿನಲ್ಲಿ ಕೋಶಕೇಂದ್ರ ಕಾಣುವುದೇ ಕಷ್ಟ, ಆದರೂ ಎಲ್ಲರ ನೋಟ್‌ಬುಕ್ಕಿನಲ್ಲೂ ಅದು ದುಂಡಗೆ ಕೂತಿರುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಹೋಳಿನಲ್ಲಿ ಖಾಲಿ ಗೂಡುಗಳನ್ನು ಕಂಡ, ಕಂಡದ್ದನ್ನಷ್ಟೇ ಬರೆದ. ನಮ್ಮ ಮಕ್ಕಳು ಕಾಣದ್ದನ್ನೂ ಬರೆಯುವಂತೆ ಮಾಡುತ್ತದೆ ಈ ಕಾರ್ಡ್.

ಅನ್ವೇಷಣೆಯಲ್ಲಿ ನಾಲ್ಕು ಹಂತ ಇವೆ ಅಂತ ವಿಜ್ಞಾನ ಕಲಿಸುವವರು ಹೇಳುತ್ತಾರೆ. ಮೊದಲನೆಯದರಲ್ಲಿ ಪ್ರಶ್ನೆ, ವಿಧಾನ, ಉತ್ತರ ಮೂರನ್ನೂ ಮೇಷ್ಟ್ರೇ ಕೊಟ್ಟಿರುತ್ತಾರೆ, ಮಕ್ಕಳದ್ದು ತಾಳೆ ನೋಡುವ ಕೆಲಸ. ಎರಡನೆಯದರಲ್ಲಿ ಉತ್ತರ ಕೊಡುವುದಿಲ್ಲ. ಮೂರನೆಯದರಲ್ಲಿ ವಿಧಾನವನ್ನೂ ಮಕ್ಕಳೇ ಹುಡುಕಬೇಕು. ನಾಲ್ಕನೆಯದರಲ್ಲಿ ಪ್ರಶ್ನೆಯೂ ಅವರದ್ದೇ. ಈ ಪೆಟ್ಟಿಗೆಯ ಅಷ್ಟೂ ಕಾರ್ಡ್‌ಗಳು ಮೊದಲನೇ ಹಂತದಲ್ಲೇ ನಿಂತಿವೆ. ಮುಚ್ಚಳದ ಮೇಲೆ ಮಾತ್ರ ನಾಲ್ಕನೆಯದರ ಜಂಬ.

ಬ್ರೆಡ್ ಕಾರ್ಡ್ ಕೇಳಿ. ಒಂದು ಬ್ರೆಡ್ ತುಂಡಿಗೆ ನೀರು ಚಿಮುಕಿಸಿ, ಇನ್ನೊಂದನ್ನು ಒಣಗಿದ್ದ ಹಾಗೇ ಇಟ್ಟು, ಎರಡನ್ನೂ ಕವರಿನಲ್ಲಿ ಹಾಕಿಡಿ. ಹಿಂಬದಿಯ ಉತ್ತರ: ಒಣ ಬ್ರೆಡ್ಡಿಗೆ ಬೂಷ್ಟು ಬರುವುದಿಲ್ಲ. ಇದನ್ನು ಬರೆದವರು ಜುಲೈ ತಿಂಗಳ ಮಲೆನಾಡು ನೋಡಿಲ್ಲ ಅಂತ ಕಾಣುತ್ತದೆ. ಇಲ್ಲಿ ಚಪ್ಪಲಿಗೂ ಬೂಷ್ಟು, ಬೆಲ್ಟಿಗೂ ಬೂಷ್ಟು, ಗೋಡೆಗೆ ನೇತುಹಾಕಿದ ದೇವರ ಪಟಕ್ಕೂ ಬೂಷ್ಟು. ಎರಡೂ ತುಂಡು ಹಸಿರಾದವು. 'ಸಾರ್, ಕಾರ್ಡ್ ತಪ್ಪು' ಅಂದರು ಅರ್ಧ ಮಕ್ಕಳು. 'ನಾವು ಮಾಡಿದ್ದೇ ತಪ್ಪು' ಅಂದರು ಇನ್ನರ್ಧ. ಹಿಂದಿನ ಬೆಂಚಿನ ಹುಡುಗನೊಬ್ಬ, ಸಾಮಾನ್ಯವಾಗಿ ಬಾಯಿ ಬಿಡದವನು, 'ನಮ್ಮನೆ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಟ್ರೆ ಬರಲ್ಲ ಸಾರ್' ಅಂದ.

ಪಾಠ ಶುರುವಾದದ್ದು ಅಲ್ಲಿಂದ. ಅಟ್ಟದ ಮೇಲೆ ಇಟ್ಟ ತುಂಡು ನಿಜಕ್ಕೂ ಚೆನ್ನಾಗೇ ಉಳಿಯಿತು. ಹಾಗಾದರೆ ಕಾಪಾಡಿದ್ದು ಯಾವುದು? ಬಿಸಿಯಾ, ಹೊಗೆಯಾ, ತೇವ ಇಲ್ಲದ್ದಾ? ಬಿಸಿ ಇದ್ದು ಹೊಗೆ ಇಲ್ಲದ ಜಾಗ ಯಾವುದು ಅಂತ ಹುಡುಕಿ, ಒಬ್ಬಳು ಫ್ರಿಜ್ಜಿನ ಹಿಂದೆ ಇಟ್ಟಳು. ಇನ್ನೊಬ್ಬ ಅಕ್ಕಿ ಡಬ್ಬಿಯಲ್ಲಿ ಹೂತ, ಅವನ ಅಮ್ಮನಿಂದ ಬೈಸಿಕೊಂಡ. ಒಂದು ಸಲಕ್ಕೆ ಒಂದೇ ಅಂಶ ಬದಲಾಯಿಸಬೇಕು, ಉಳಿದದ್ದೆಲ್ಲ ಒಂದೇ ಥರ ಇರಬೇಕು ಅನ್ನುವುದನ್ನು ನಾನು ಬೋರ್ಡಿನ ಮೇಲೆ ಬರೆಯಬೇಕಾಗಲೇ ಇಲ್ಲ, ಅವರವರೇ ಜಗಳಾಡಿ ಅಲ್ಲಿಗೆ ಬಂದರು. (ಬೂಷ್ಟು ಬಂದ ಕವರನ್ನು ಮಾತ್ರ ಬಿಚ್ಚಲು ಬಿಡಬೇಡಿ, ಟೇಪ್ ಹಾಕಿ ಹೊರಗಿನಿಂದಲೇ ನೋಡಲಿ. ಉಬ್ಬಸ ಇರುವ ಮಕ್ಕಳು ಯಾವ ಕ್ಲಾಸಿನಲ್ಲೂ ಇರುತ್ತಾರೆ. ಕಾರ್ಡ್‌ನಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ.)

ಆಮೇಲೆ ಕಾರ್ಡ್ ಕಟ್ಟನ್ನು ಬೀರುವಿನಲ್ಲಿಟ್ಟು ಪೆಟ್ರಿ ಡಿಶ್ ಮಾತ್ರ ತೆಗೆದುಕೊಂಡೆವು. ಅಡಿಕೆಗೆ ಕೊಳೆ ರೋಗ ಬಂದಿತ್ತು. 'ಅಪ್ಪ ಬೋರ್ಡೋ ಹೊಡೆಸಿದ್ರೂ ಕೊಳೆ ಬಂತು, ಪಕ್ಕದ ತೋಟದಲ್ಲಿ ಕೊಟ್ಟೆ ಕಟ್ಟಿದ್ರು, ಅವರಿಗೆ ಬರಲಿಲ್ಲ, ಯಾಕೆ?' ಒಂಬತ್ತನೇ ಕ್ಲಾಸಿನ ಹುಡುಗಿಯ ಪ್ರಶ್ನೆ ಇದು. (ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಔಷಧಿ, ಕೊಟ್ಟೆ ಅಂದರೆ ಗೊನೆಗೆ ಮಳೆ ತಾಗದಂತೆ ಕಟ್ಟುವ ಹೊದಿಕೆ.) ಇದಕ್ಕಿಂತ ಒಳ್ಳೆ ಪ್ರಶ್ನೆ ಯಾವ ಕಾರ್ಡ್‌ನಲ್ಲಿದೆ? ಮಕ್ಕಳೇ ಯೋಜನೆ ಹಾಕಿದರು. ಒಂದು ಡಿಶ್‌ನಲ್ಲಿ ಕೊಳೆ ಅಡಿಕೆ, ಪಕ್ಕದಲ್ಲಿ ಒಳ್ಳೆ ಅಡಿಕೆ, ಕೆಳಗೆ ಒದ್ದೆ ಹತ್ತಿ. ಎರಡನೆಯದರಲ್ಲಿ ಅದೇ ಜೋಡಿ, ಒಣ ಹತ್ತಿ. ಮೂರನೆಯದರಲ್ಲಿ ಒಳ್ಳೆ ಅಡಿಕೆ ಮಾತ್ರ, ಒದ್ದೆ ಹತ್ತಿಯ ಮೇಲೆ. ಮೊದಲನೆಯದರಲ್ಲಿ ಬಿಳಿ ಪೊರೆ ಪಕ್ಕದ ಕಾಯಿಗೂ ಹಬ್ಬಿತು. ಎರಡನೆಯದರಲ್ಲಿ ಹಬ್ಬಲಿಲ್ಲ. ಮೂರನೆಯದರಲ್ಲಿ ಒಂದು ಕಾಯಿಗೆ ಕಲೆ ಬಂದುಬಿಟ್ಟಿತು, ಅದರ ಮೇಲೆ ದೊಡ್ಡ ಚರ್ಚೆ. ಮರದಲ್ಲಿರುವಾಗಲೇ ಹತ್ತಿಕೊಂಡಿರಬಹುದು ಅಂತ ಒಂದು ಗುಂಪು, ಡಿಶ್ ಸರಿಯಾಗಿ ತೊಳೆದಿಲ್ಲ ಅಂತ ಇನ್ನೊಂದು. ಎರಡಕ್ಕೂ ಸಾಕ್ಷಿ ಬೇಕಲ್ವಾ ಅಂದೆ. ಮತ್ತೆ ಮಾಡಿದರು.

ಕೊಳೆಗೆ ಕಾರಣ ಫೈಟೋಫ್ಥೋರ ಅನ್ನುವ ಸೂಕ್ಷ್ಮಜೀವಿ. ನಾವೆಲ್ಲ ಶಿಲೀಂಧ್ರ ಅಂತಲೇ ಕರೆಯುತ್ತೇವೆ, ಆದರೆ ಈಗಿನ ವರ್ಗೀಕರಣದಲ್ಲಿ ಅದು ನಿಜವಾದ ಶಿಲೀಂಧ್ರ ಅಲ್ಲ. ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಇರುತ್ತದೆ, ಇದರದ್ದರಲ್ಲಿ ಸೆಲ್ಯುಲೋಸ್ ಇದೆ. ಇದರ ಬೀಜಕಗಳು ನೀರಿನಲ್ಲಿ ಈಜಿ, ಮಳೆ ಹನಿಯ ಜೊತೆ ಸಿಡಿದು ಗೊನೆಯಿಂದ ಗೊನೆಗೆ ಹೋಗುತ್ತವೆ. ಕೊಟ್ಟೆ ಕಟ್ಟಿದರೆ ಗೊನೆ ಒದ್ದೆಯಾಗುವುದಿಲ್ಲ, ಅಷ್ಟೇ ಅದರ ಗುಟ್ಟು. ಬೋರ್ಡೋಗೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅನ್ನುವುದು ನಮ್ಮ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಬರುತ್ತದೆ. ಕಬ್ಬಿಣದ ಚೂರಿ ಅದ್ದಿ, ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಅಪ್ಪಂದಿರು ನೋಡುವುದನ್ನೂ ಕಂಡಿದ್ದಾರೆ. ಅದೂ ಒಂದು ಪ್ರಯೋಗ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ಪರಾಸರಣೆಗೆ, ಅಂದರೆ ಕೋಶದ ಪೊರೆ ದಾಟಿ ನೀರು ಒಳಗೆ ಹೊರಗೆ ಹೋಗುವುದನ್ನು ತೋರಿಸಲು, ಕಿಟ್‌ನವರು ಒಣದ್ರಾಕ್ಷಿ ಕೊಟ್ಟಿದ್ದಾರೆ. ಪೊಟ್ಟಣದಲ್ಲಿ ಹುಳ. ಬಿಸಾಡಿ ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು) ತಂದೆವು. ಉಪ್ಪಿಗೆ ಹಾಕಿದ ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುವುದನ್ನು ಇಲ್ಲಿ ನೋಡದ ಮಗು ಇಲ್ಲ. ತೂಕ ಹಾಕಿ, ಉಪ್ಪಿಗೆ ಹಾಕಿ, ಮತ್ತೆ ತೂಕ ಹಾಕಿದರೆ ಮುಗಿಯಿತು.

ಕಲಿಕಾ ಮಾನದಂಡಗಳ ಬಗ್ಗೆ ಸ್ವಲ್ಪ. ಪ್ರತಿ ಕಾರ್ಡ್‌ನ ಮೂಲೆಯಲ್ಲಿ 'ಎಚ್‌ಎಸ್-ಎಲ್‌ಎಸ್1-3' ಥರದ ಕೋಡ್ ಇದೆ. ಇವು 2013ರಲ್ಲಿ ಬಂದ ಅಮೆರಿಕದ ನೆಕ್ಸ್ಟ್ ಜನರೇಷನ್ ಸೈನ್ಸ್ ಸ್ಟ್ಯಾಂಡರ್ಡ್ಸ್‌ನವು. ಸುಮ್ನೆ ತಂದು ಅಂಟಿಸಿದ್ದಾರೆ. ಆ ಮಾನದಂಡಗಳು ಕೆಟ್ಟವಲ್ಲ. ಈ ಕೋಡ್‌ನದ್ದೇ ನೋಡಿ: ದೇಹ ತನ್ನ ಸಮತೋಲನ ಕಾಪಾಡಿಕೊಳ್ಳುತ್ತದೆ ಅನ್ನುವುದಕ್ಕೆ ಸಾಕ್ಷಿ ಸಿಗುವಂತೆ ವಿದ್ಯಾರ್ಥಿಯೇ ತನಿಖೆಯನ್ನು ಯೋಜಿಸಿ ನಡೆಸಬೇಕು ಅನ್ನುತ್ತದೆ ಅದು. ಯೋಜಿಸಬೇಕಾದವರು ವಿದ್ಯಾರ್ಥಿ! ಕಾರ್ಡ್‌ನಲ್ಲಿ ಯೋಜನೆ, ಕೋಷ್ಟಕ, ಕೊನೆಗೆ ಬರಬೇಕಾದ ನಾಡಿಬಡಿತದ ಸಂಖ್ಯೆ ಎಲ್ಲ ಅಚ್ಚಾಗಿದೆ. ಮಾನದಂಡ ಕೇಳುವುದೊಂದು, ಕಾರ್ಡ್ ಮಾಡಿಸುವುದೊಂದು. ನಮ್ಮಲ್ಲೇ ಎನ್‌ಸಿಇಆರ್‌ಟಿ 2019ರಲ್ಲಿ ಪ್ರೌಢ ಹಂತದ ಕಲಿಕಾ ಫಲಗಳನ್ನು ತಂದಿದೆ, ಅದರಲ್ಲೂ ತನ್ನ ಪ್ರಶ್ನೆಗೆ ಉತ್ತರ ಹುಡುಕಲು ತನಿಖೆ ಯೋಜಿಸಿ ಮಾಡುತ್ತಾನೆ ಅನ್ನುವುದು ಇದೆ. ಕರ್ನಾಟಕದ ಮಕ್ಕಳಿಗೆ ಮಾರುವವರು ಅದನ್ನಾದರೂ ಹಾಕಬಹುದಿತ್ತು. ಸ್ಟಾಪ್‌ವಾಚ್ ಮಾತ್ರ ಮಕ್ಕಳಿಗೆ ತುಂಬಾ ಇಷ್ಟ, ಬಸ್‌ಸ್ಟ್ಯಾಂಡಿನಿಂದ ಗುಡ್ಡ ಹತ್ತಿ ಬಂದವರ ನಾಡಿ ಎಣಿಸುವುದೇ ಅವರ ಬೆಳಗಿನ ಕೆಲಸ.

ಎರಡು ಕಡೆ ಎಚ್ಚರಿಕೆ ಬೇಕು. ಎಲೆಯ ಪಿಷ್ಟ ಪರೀಕ್ಷೆಯ ಕನ್ನಡ ಕಾರ್ಡ್‌ನಲ್ಲಿ 'ಎಲೆಯನ್ನು ಸ್ಪಿರಿಟ್‌ನಲ್ಲಿ ಕುದಿಸಿ' ಅಂತಷ್ಟೇ ಇದೆ. ಸ್ಪಿರಿಟ್ಟಿಗೆ ನೇರ ಉರಿ ಕೊಟ್ಟರೆ ಧಗ್ ಅಂತ ಹತ್ತಿಕೊಳ್ಳುತ್ತದೆ. ಅದನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕಾಯಿಸಬೇಕು. ಇಂಗ್ಲಿಷ್ ಕಾರ್ಡ್‌ನಲ್ಲಿ ಇದು ಇದೆ, ಕನ್ನಡಕ್ಕೆ ಬರುವಾಗ ಬಿದ್ದುಹೋಗಿದೆ. ಒಂದು ಸ್ಟಾರ್ ಕಳೆದದ್ದು ಇದಕ್ಕೇ.

ಇನ್ನೊಂದು ತರಗೆಲೆ ಚಟುವಟಿಕೆ. 'ಹತ್ತಿರದ ಕಾಡಿಗೆ ಹೋಗಿ ನೆಲದ ತರಗೆಲೆ ತಂದು ಅದರಲ್ಲಿರುವ ಜೀವಿಗಳನ್ನು ಎಣಿಸಿ.' ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಮ್ಮ ಜಿಲ್ಲೆಯದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಆ ತಿಂಗಳುಗಳಲ್ಲಿ ಮಕ್ಕಳನ್ನು ಕಾಡಿನ ತರಗೆಲೆಗೆ ಕೈ ಹಾಕಲು ಕಳಿಸುವ ಪ್ರಶ್ನೆಯೇ ಇಲ್ಲ. ನಾವು ಮಳೆಗಾಲದಲ್ಲಿ, ಶಾಲೆಯ ಕಾಂಪೌಂಡಿನೊಳಗೆ, ಗೋಡೆಯ ಪಾಚಿ ಕೆರೆದು ನೋಡುತ್ತೇವೆ. ಒಂದು ಹನಿ ನೀರಿನಲ್ಲಿ ಓಡಾಡುವ ಜೀವಿಗಳನ್ನು ನೋಡಿ ಕಿರುಚಿಕೊಳ್ಳುತ್ತಾರೆ, ಅಷ್ಟು ಸಾಕು.

'ಇದೆಲ್ಲ ಮಾಡುತ್ತಾ ಕೂತರೆ ಪೋರ್ಷನ್ ಮುಗಿಯುತ್ತಾ ಸರ್?' ಅಂತ ಕೇಳುವ ಸಹೋದ್ಯೋಗಿಗಳಿದ್ದಾರೆ. ನ್ಯಾಯವಾದ ಪ್ರಶ್ನೆ. ಎಸ್‌ಎಸ್‌ಎಲ್‌ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, ಆಂತರಿಕಕ್ಕೆ 20. ಅದರ ಮೇಲೆ ಮಳೆ ರಜೆ ಬೇರೆ. ಎಲ್ಲ ಪಾಠವನ್ನೂ ಹೀಗೆ ಮಾಡಲು ಆಗುವುದಿಲ್ಲ, ನಾನೂ ಮಾಡುವುದಿಲ್ಲ. ಎಫ್‌ಎ (ವರ್ಷದ ನಡುವೆ ಶಾಲೆಯಲ್ಲೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆ ಹೇಗೂ ಮಾಡಿಸಬೇಕಲ್ಲ, ಚಾರ್ಟ್ ಬರೆಸುವ ಬದಲು ಇದನ್ನು ಮಾಡಿಸುತ್ತೇನೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ 2002ರ ತನಕ ಸರ್ಕಾರಿ ಶಾಲೆಗಳಲ್ಲೇ ಪ್ರಯೋಗದಿಂದ ವಿಜ್ಞಾನ ಕಲಿಸಿದರು. ಅಲ್ಲಿನ ಪಠ್ಯದಲ್ಲಿ ಉತ್ತರ ಅಚ್ಚು ಹಾಕುತ್ತಿರಲಿಲ್ಲ, ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು. ಪರೀಕ್ಷೆಯನ್ನೇ ಬದಲಾಯಿಸಿದ್ದರಿಂದ ಅವರಿಗೆ ಅದು ಸಾಧ್ಯವಾಯಿತು. ನಮ್ಮ ಕೈಯಲ್ಲಿ ಪರೀಕ್ಷೆ ಇಲ್ಲ, ಎಫ್‌ಎ ಇದೆ.

ಶಿಕ್ಷಕರ ಕೈಪಿಡಿಯ ಕೊನೆಯ ಭಾಗ ಮಾತ್ರ ಬಂಗಾರ. ಮಗು ಏನೋ ಒಂದು ಹೇಳಿದಾಗ ಸರಿ, ತಪ್ಪು ಅನ್ನದೆ ಮುಂದೇನು ಕೇಳಬೇಕು ಅಂತ ಅಲ್ಲಿ ಬರೆದಿದ್ದಾರೆ. 'ಹಾಗಂತ ಹೇಗೆ ಗೊತ್ತಾಯಿತು?', 'ಬೇರೆ ಕಾರಣ ಇರಬಹುದಾ?', 'ಅದನ್ನು ಪರೀಕ್ಷಿಸುವುದು ಹೇಗೆ?' ಇದನ್ನು ಬರೆದವರೇ ಕಾರ್ಡ್‌ಗಳನ್ನೂ ಬರೆದಿದ್ದರೆ ಐದು ಸ್ಟಾರ್ ಕೊಡುತ್ತಿದ್ದೆ.

ಕೊಳ್ಳುವವರಿಗೆ: ಇಡೀ ಕಿಟ್ ಬೇಡ. ಮೈಕ್ರೋಸ್ಕೋಪ್ ಬೇರೆಯಾಗಿ ಸಿಗುತ್ತದೆ. ಸ್ಲೈಡ್, ಅಯೋಡಿನ್, ಡಿಶ್ ಎಲ್ಲ ಶಿವಮೊಗ್ಗದಲ್ಲೇ ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಕೇಳಿ, ಕಿಟ್‌ಗಿಂತ ಅಗ್ಗ. ಆಗಲೇ ಕೊಂಡಿದ್ದರೆ ಕಾರ್ಡ್‌ನ ಹಿಂಬದಿಗೆ ಹಳೆ ಕ್ಯಾಲೆಂಡರ್ ಹಾಳೆ ಅಂಟಿಸಿ. ಜೂನ್ ಬರುವುದರೊಳಗೆ ಮೈಕ್ರೋಸ್ಕೋಪನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿಡಿ, ಇಲ್ಲದಿದ್ದರೆ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ, ಅದನ್ನು ಒರೆಸಿ ತೆಗೆಯಲು ಆಗುವುದಿಲ್ಲ.